ಹಲವು ಜಾಲತಾಣ, ಒಂದೇ ಭಂಡಾರ

ಶಿವಮೊಗ್ಗದಲ್ಲಿ ಅಡಿಕೆ ಮಂಡಿ, ಭದ್ರಾವತಿಯಲ್ಲಿ ಎರಕದ ಕಾರ್ಖಾನೆ ನಡೆಸುವ ಒಂದೇ ಕುಟುಂಬಕ್ಕೆ ಇಂದು ಎರಡು ಮೂರು ಜಾಲತಾಣಗಳಿದ್ದರೆ ಅಚ್ಚರಿಯಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಂತೆ ಮತ್ತೊಮ್ಮೆ ಬದಲಾದರೆ ಪ್ರತಿ ತಾಣವನ್ನೂ ಪ್ರತ್ಯೇಕವಾಗಿ ತಿದ್ದಬೇಕು. ಒಂದನ್ನು ಮರೆತರೂ ಗ್ರಾಹಕರಿಗೆ ತಪ್ಪು ಬೆಲೆ ತಲುಪುತ್ತದೆ.

ಎಲ್ಲ ತಾಣಗಳ ಮೂಲಸಂಕೇತವನ್ನು ಒಂದೇ ಭಂಡಾರದಲ್ಲಿಟ್ಟು, ತೆರಿಗೆ ಲೆಕ್ಕದಂತಹ ಭಾಗವನ್ನು ಎಲ್ಲಕ್ಕೂ ಸಾಮಾನ್ಯವಾಗಿಸಿದಲ್ಲಿ ಒಮ್ಮೆ ತಿದ್ದಿದರೆ ಸಾಕು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ಉಚಿತ ತಂತ್ರಾಂಶ ‘ಗಿಟ್’, ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದನ್ನು ದಿನವಹಿಯಂತೆ ದಾಖಲಿಸುತ್ತದೆ. ಸಾಮಾನ್ಯ ಭಾಗದ ದೋಷ ಎಲ್ಲ ತಾಣಗಳಿಗೂ ತಗಲುವುದರಿಂದ ಪ್ರಕಟಣೆಗೆ ಮುನ್ನ ಪರೀಕ್ಷೆ ಅನಿವಾರ್ಯ.

ಎಲ್ಲಕ್ಕಿಂತ ಮುಖ್ಯವಾಗಿ, ಭಂಡಾರದ ಒಡೆತನ ತಾಣ ರೂಪಿಸಿದವರ ಹೆಸರಿನಲ್ಲಲ್ಲ, ಸಂಸ್ಥೆಯ ಹೆಸರಿನಲ್ಲಿರಬೇಕು. ಅಂಗಡಿಯ ಬೀಗದ ಕೈಯನ್ನು ಪರರಲ್ಲಿ ಬಿಡದ ನಾವು ಇದನ್ನೇಕೆ ಬಿಡಬೇಕು?