ಒಂದೇ ಗ್ರೂಪ್‌ನಲ್ಲಿದ್ದೂ ಮುಖ ನೋಡದವರು

ನಮ್ಮ ಮನೆ ವಾಟ್ಸಾಪ್ ಗ್ರೂಪ್‌ನಲ್ಲಿ ನಾಲ್ಕೇ ಜನ. ಅಪ್ಪ, ಅವ್ವ, ತಂಗಿ, ನಾನು. ಬೆಳಿಗ್ಗೆ ಆರಕ್ಕೆ ಅಪ್ಪ ಒಂದು ಬೈಬಲ್ ವಾಕ್ಯ ಹಾಕ್ತಿದ್ರು. ಎಂಟಕ್ಕೆ ನಾನು ಕೈ ಮುಗಿಯುವ ಇಮೋಜಿ ಹಾಕ್ತಿದ್ದೆ. ನೋಡಿದವರಿಗೆ ಎಷ್ಟು ಚೆಂದದ ಕುಟುಂಬ ಅನ್ನಿಸಬೇಕು. ಆದರೆ ಎರಡು ವರ್ಷ ನಾನು ಮತ್ತು ಅಪ್ಪ ಒಂದು ಮಾತೂ ಆಡಿರಲಿಲ್ಲ.

ಕಾರಣ ದುಡ್ಡು. ತಂಗಿಯ ಮದುವೆಗೆ ಅಂತ ನಾನು ಬೆಂಗಳೂರಿನಿಂದ ತಿಂಗಳು ತಿಂಗಳು ಕಳಿಸುತ್ತಿದ್ದ ಹಣವನ್ನು ಅಪ್ಪ ಬ್ಯಾಂಕಿನಲ್ಲಿ ಇಡುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ಕೇಳಿದರೆ ಖಾತೆ ಖಾಲಿ. ನಮ್ಮೂರು ಬೆಟಗೇರಿ, ನೇಕಾರರ ಊರು. ಅಪ್ಪನ ಜೊತೆ ಶಾಲೆ ಕಲಿತ ಗೆಳೆಯರೊಬ್ಬರು ಮಗ್ಗದ ಸಾಲದಲ್ಲಿ ಮುಳುಗಿದ್ದರು. ಅಪ್ಪ ನನಗೊಂದು ಮಾತೂ ಹೇಳದೆ ಅವರಿಗೆ 4 ಲಕ್ಷದ 80 ಸಾವಿರ ಕೊಟ್ಟುಬಿಟ್ಟಿದ್ದರು. ಅದು ವಾಪಸ್ ಬರುವ ಲಕ್ಷಣ ಇರಲಿಲ್ಲ.

ಆಗ ನಾನು ಏನು ಮಾಡಿದೆ ಗೊತ್ತಾ? ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ. ಯಾವ ತಾರೀಖು, ಎಷ್ಟು ರೂಪಾಯಿ, ಕೊನೆಯಲ್ಲಿ ಒಟ್ಟು ಮೊತ್ತ. ಅದನ್ನು ಅಪ್ಪನಿಗೆ ಮಾತ್ರ ಕಳಿಸಿದ್ದರೆ ಬೇರೆ ಮಾತು. ದೊಡ್ಡಪ್ಪ, ಅತ್ತೆ, ಮಾವ ಎಲ್ಲರೂ ಇರುವ 23 ಜನರ ದೊಡ್ಡ ಗ್ರೂಪ್‌ಗೆ ಹಾಕಿದೆ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದ ಮನುಷ್ಯನ ಲೆಕ್ಕಕ್ಕೆ ನಾನು ಎಲ್ಲರೆದುರು ಕೆಂಪು ಶಾಯಿಯಲ್ಲಿ ಗೀಟು ಎಳೆದಿದ್ದೆ. ಅವತ್ತಿನಿಂದ ಮಾತು ನಿಂತಿತು.

ನನ್ನ ಪ್ರಕಾರ ನಾನು ಅಪ್ಪನನ್ನು ಆರೇ ತಿಂಗಳಲ್ಲಿ ಕ್ಷಮಿಸಿದ್ದೆ. ಪ್ರಾರ್ಥನೆಯಲ್ಲಿ ಹಾಗಂತ ಹೇಳಿಯೂ ಇದ್ದೆ. ದುಡ್ಡು ಕಳಿಸುವುದು ನಿಲ್ಲಿಸಲಿಲ್ಲ, ಈ ಸಲ ಅವ್ವನ ಖಾತೆಗೆ. ಔಷಧಿ ಆನ್‌ಲೈನ್‌ನಲ್ಲಿ ಬುಕ್ ಮಾಡುತ್ತಿದ್ದೆ. ಇನ್ನೇನು ಬೇಕು?

ಇನ್ನೇನು ಬೇಕು ಅನ್ನೋದು ಬೈಬಲ್‌ನ ಹಳೆಯ ಕಥೆಯೊಂದನ್ನು ಮತ್ತೆ ಓದಿದಾಗ ಹೊಳೀತು. ತಂದೆ ಮಗ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ತಪ್ಪಿಹೋದ ಮಗನ ಕಥೆ, ಓಡಿಬಂದು ತಬ್ಬಿಕೊಳ್ಳುವ ತಂದೆ. ನಾನು ಹೇಳ್ತಿರೋದು ಅದಲ್ಲ. ದಾವೀದ ರಾಜ ಮತ್ತು ಅವನ ಮಗ ಅಬ್ಷಾಲೋಮನ ಕಥೆ. ಅಬ್ಷಾಲೋಮ ತನ್ನ ತಂಗಿಯ ಮೇಲಾದ ಅತ್ಯಾಚಾರಕ್ಕೆ ಸೇಡು ತೀರಿಸಿಕೊಳ್ಳಲು ಮಲಅಣ್ಣನನ್ನೇ ಕೊಲ್ಲಿಸಿ, ಗೆಷೂರಿಗೆ ಓಡಿಹೋಗಿ ಮೂರು ವರ್ಷ ಇರುತ್ತಾನೆ. ಕೊನೆಗೆ ದಾವೀದ ಅವನನ್ನು ವಾಪಸ್ ಕರೆಸಿಕೊಳ್ಳುತ್ತಾನೆ. ಆದರೆ ಒಂದು ಷರತ್ತು: ಅವನು ತನ್ನ ಮನೆಗೆ ಹೋಗಲಿ, ನನ್ನ ಮುಖ ನೋಡುವುದು ಬೇಡ. ಒಂದೇ ಯೆರೂಸಲೇಮಿನಲ್ಲಿ, ಎರಡು ವರ್ಷ, ಅಪ್ಪ ಮಗ ಮುಖ ನೋಡಲ್ಲ. ತಡೆಯಲಾರದೆ ಮಗ ಸೇನಾಪತಿಯ ಜವೆಗೋಧಿ ಹೊಲಕ್ಕೆ ಬೆಂಕಿ ಹಚ್ಚಿಸುತ್ತಾನೆ, ಯಾರಾದರೂ ತನ್ನ ಮಾತು ಕೇಳಲಿ ಅಂತ. ಆಮೇಲೆ ದಾವೀದ ಕರೆದು ಮುದ್ದಿಡುತ್ತಾನೆ ನಿಜ. ಆದರೆ ಮುಂದೆ ಅದೇ ಮಗ ಅಪ್ಪನ ವಿರುದ್ಧ ದಂಗೆ ಏಳುತ್ತಾನೆ, ಸಾಯುತ್ತಾನೆ. ದಾವೀದ ಊರಬಾಗಿಲ ಮೇಲಿನ ಕೋಣೆಗೆ ಹೋಗಿ, ಮಗನ ಬದಲು ನಾನಾದರೂ ಸಾಯಬಾರದಿತ್ತೇ ಅಂತ ಗೋಳಾಡುತ್ತಾನೆ.

ಓದಿ ಮುಗಿಸಿದಾಗ ಮೈ ಜುಮ್ಮೆಂದಿತು. ನಾನು ಅಪ್ಪನನ್ನು ನನ್ನ ಊರೊಳಗೆ ಬಿಟ್ಟುಕೊಂಡಿದ್ದೆ, ಮುಖ ತೋರಿಸಿರಲಿಲ್ಲ. ಕ್ಷಮೆ ಅಂತ ನಾನು ಕರೆಯುತ್ತಿದ್ದದ್ದು ಬರೀ ಮ್ಯೂಟ್ ಬಟನ್.

ಹೋದ ಡಿಸೆಂಬರ್‌ನಲ್ಲಿ ಅವ್ವ ಫೋನ್ ಮಾಡಿ, "ಕ್ರಿಸ್ಮಸ್ಸಿಗೆ ಕರ್ಚಿಕಾಯಿ ಮಾಡಾಕತ್ತೀನಿ, ಬರ್ತೀಯೋ ಇಲ್ಲೋ?" ಅಂದಳು. ರಾತ್ರಿ ರೈಲು ಹತ್ತಿದೆ. ದಾರಿಯುದ್ದಕ್ಕೂ ಮೊಬೈಲ್ ನೋಟ್ಸ್‌ನಲ್ಲಿ ಕ್ಷಮೆಯ ಮಾತು ಬರೆದೆ, ಅಳಿಸಿದೆ, ಬರೆದೆ. ಮನೆಗೆ ಹೋದರೆ ಅಪ್ಪ ಪೇಪರ್ ಓದುತ್ತಿದ್ದರು. ತಲೆ ಎತ್ತದೆ, "ಬಾ. ಕೈಕಾಲ ತೊಳಕೋ, ಚಾ ಆಗೇತಿ" ಅಂದರು. ನನ್ನ ನೋಟ್ಸ್ ಜೇಬಲ್ಲೇ ಉಳೀತು.

ಮರುದಿನ ರವಿವಾರ ಚರ್ಚ್. ಸಭಾಪಾಲಕರು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿದ್ದ ಆಳು, ಅದಷ್ಟೂ ಮನ್ನಾ ಆದ ಮೇಲೆ ಹೊರಗೆ ಬಂದು ತನಗೆ ನೂರು ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ ಕಥೆ. ಚಟ ಬಿಡಲ್ಲ ನೋಡಿ, ಕೂತಲ್ಲೇ ಲೆಕ್ಕ ಹಾಕಿದೆ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಅವನಿಗೆ ಮನ್ನಾ ಆದದ್ದು 6 ಕೋಟಿ ದಿನದ ಕೂಲಿ, ಅವನು ಬಿಡದೆ ಹಿಡಿದದ್ದು 100 ದಿನದ್ದು. 6 ಲಕ್ಷಕ್ಕೆ 1. ಆ ಆಳು ಕೂಡ ಒಂದು ಶೀಟ್ ಇಟ್ಟಿದ್ದ, ನನ್ನ ಹಾಗೆ. ಅದರಲ್ಲಿ ಒಂದೇ ಕಾಲಂ ಇತ್ತು, ಬೇರೆಯವರು ಕೊಡಬೇಕಾದದ್ದು. ನನ್ನ ಫೀಗೆ ಅಪ್ಪ ಪಿ.ಎಫ್. ಮೇಲೆ ತೆಗೆದ ಸಾಲ ನನ್ನ ಶೀಟ್‌ನಲ್ಲಿ ಎಲ್ಲೂ ಇರಲಿಲ್ಲ. ದೇವರು ನನಗೆ ಬಿಟ್ಟುಕೊಟ್ಟದ್ದಂತೂ ಯಾವ ಶೀಟ್‌ನಲ್ಲೂ ಹಿಡಿಸಲ್ಲ.

ಆಮೇಲೆ ಕರ್ತನ ಭೋಜನಕ್ಕೆ ಮುಂಚೆ ಸಮಾಧಾನ ಹಂಚುವ ಹೊತ್ತು. ನಮ್ಮ ಸಿ.ಎಸ್.ಐ. ಸಭೆಗಳಲ್ಲಿ 1950ರ ಆರಾಧನಾ ಕ್ರಮದಿಂದ ಬಂದ ರೂಢಿ ಇದು. ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದದ್ದು. ನಿಮ್ಮ ಬಲ ಅಂಗೈಯನ್ನು ಪಕ್ಕದವರ ಬಲ ಅಂಗೈಗೆ ತಾಗಿಸಿ, ಎಡಗೈಯಿಂದ ಅವರ ಕೈ ಮುಚ್ಚಬೇಕು. ಅವರೂ ಹಾಗೇ. ಕೈಯಿಂದ ಕೈಗೆ ಸಾಲಿನ ಕೊನೆವರೆಗೂ ಅದು ದಾಟಬೇಕು. ಕನ್ನಡ ಬೈಬಲ್‌ನಲ್ಲಿ ಶಾಂತಿಗೂ ಸಮಾಧಾನ ಅನ್ನೋ ಪದವೇ, ಮುರಿದ ಸಂಬಂಧ ಕೂಡುವುದಕ್ಕೂ ಅದೇ ಪದ. ನನ್ನ ಪಕ್ಕದಲ್ಲಿ ಇದ್ದವರು ಅಪ್ಪ.

ಅಪ್ಪನ ಅಂಗೈ ಒರಟಾಗಿತ್ತು, ಸ್ವಲ್ಪ ನಡುಗುತ್ತಿತ್ತು. ಎರಡು ವರ್ಷದಲ್ಲಿ ಅವರಿಗೆ ಇಷ್ಟು ವಯಸ್ಸಾಗಿದೆ ಅಂತ ಇಮೋಜಿಯಿಂದ ಗೊತ್ತಾಗಿರಲಿಲ್ಲ. ಮುಖ ನೋಡಿ, "ಅಪ್ಪಾ, ತಪ್ಪಾಯ್ತು" ಅಂದೆ. ಅಷ್ಟೇ ಬಂದದ್ದು.

ಮನೆಗೆ ನಡೆದು ಹೋಗುವಾಗ ಅವರೇ ಬಾಯಿ ಬಿಟ್ಟರು. "ನೀ ಬರದ ಲೆಕ್ಕ ಖರೇನ ಐತಿ. ನಿನ್ನ ಕೇಳದ ಕೊಟ್ಟದ್ದು ನನ್ನ ತಪ್ಪ. ಆದ್ರ ಮಂದಿ ಮುಂದ ಹಾಕಬಾರದಿತ್ತು ತಮ್ಮಾ."

ಅವತ್ತು ರಾತ್ರಿ ಅದೇ 23 ಜನರ ಗ್ರೂಪ್‌ನಲ್ಲಿ ಅಪ್ಪನ ಹತ್ತಿರ ಕ್ಷಮೆ ಕೇಳಿದೆ. ಅವಮಾನ ಎಲ್ಲಿ ಮಾಡಿದ್ದೆನೋ ಕ್ಷಮೆಯೂ ಅಲ್ಲೇ ಕೇಳಬೇಕು ಅನ್ನಿಸ್ತು. ಅದನ್ನು ಟೈಪ್ ಮಾಡಿ ಕಳಿಸೋಕೆ ಮುಕ್ಕಾಲು ಗಂಟೆ ಹಿಡೀತು.

ಒಂದು ಮಾತು ಹೇಳಲೇಬೇಕು. ಎಲ್ಲ ಮನೆಯ ಜಗಳ ನಮ್ಮ ಮನೆಯದ್ದರಂತೆ ಇರಲ್ಲ. ಹೊಡೆತ, ದೌರ್ಜನ್ಯ ಇರುವ ಮನೆಗೆ ವಾಪಸ್ ಹೋಗಿ ಅಂತ ಕ್ಷಮೆ ಯಾರಿಗೂ ಹೇಳಲ್ಲ. ಕ್ಷಮಿಸೋಕೆ ಒಬ್ಬರು ಸಾಕು, ದೂರದಲ್ಲಿದ್ದೇ ಮಾಡಬಹುದು. ಸಮಾಧಾನಕ್ಕೆ ಇಬ್ಬರೂ ಬೇಕು, ಇಬ್ಬರೂ ತಮ್ಮ ತಮ್ಮ ತಪ್ಪು ಒಪ್ಪಬೇಕು. ನಂಬಿಕೆ ಬೆಳೆಯೋಕೆ ಇನ್ನೂ ಹೊತ್ತು ಬೇಕು. ಈಗ ತಂಗಿ ಮದುವೆ ಹಣ ತಂಗಿಯ ಹೆಸರಲ್ಲೇ ಇದೆ. ಹಾಗೆ ಮಾಡೋಣ ಅಂದದ್ದು ಅಪ್ಪನೇ.

ಆ 4 ಲಕ್ಷದ 80 ಸಾವಿರ ಇನ್ನೂ ಬಂದಿಲ್ಲ. ಬರುತ್ತೆ ಅನ್ನೋ ಭರವಸೆಯೂ ಇಲ್ಲ. ಆದರೆ ರವಿವಾರ ರಾತ್ರಿ ನಾನು ವಿಡಿಯೊ ಕಾಲ್ ಮಾಡ್ತೀನಿ. ಅಪ್ಪನಿಗೆ ಫೋನ್ ಹಿಡಿಯೋಕೆ ಬರಲ್ಲ, ಅರ್ಧ ಹೊತ್ತು ಹಣೆ, ಇನ್ನರ್ಧ ಹೊತ್ತು ಮನೆಯ ಫ್ಯಾನ್ ಕಾಣುತ್ತೆ. "ಅಪ್ಪಾ, ಫೋನ್ ಸ್ವಲ್ಪ ಕೆಳಗ ಹಿಡೀರಿ, ಮುಖ ಕಾಣವಲ್ದು" ಅಂತೀನಿ.