ಮೆಚ್ಚಿದ ಪುಸ್ತಕದೊಡನೆ ಜಗಳ

ಮಕ್ಕಳು ಪುಸ್ತಕವನ್ನೇ ಮುಟ್ಟುವುದಿಲ್ಲವೆಂಬುದು ಹೆತ್ತವರ ಒಂದು ದೂರು. ಮುಟ್ಟಬಾರದ ಪುಸ್ತಕವನ್ನು ಮುಟ್ಟುತ್ತಾರೆಂಬುದು ಇನ್ನೊಂದು. ಹಳ್ಳಿಯ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿ ನಾವು ಇವೆರಡನ್ನೂ ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಇವುಗಳಿಗಿಂತ ಹೆಚ್ಚು ವಿಚಾರಾರ್ಹವಾದ ಮೂರನೆಯ ಸಂಗತಿಯೊಂದಿದೆ. ಊಟ ನಿದ್ರೆಗಳನ್ನು ಬಿಟ್ಟು ಓದಿ ಮೆಚ್ಚಿದ ಪುಸ್ತಕದ ಮೇಲೆ ಎಳೆಯ ಓದುಗರು ತಾವೇ ತಿರುಗಿಬೀಳುವುದೇ ಆ ಸಂಗತಿ. ನಮ್ಮ ಕಾಲದಲ್ಲಿ ಇದಕ್ಕೆ ದೊಡ್ಡ ನಿದರ್ಶನ ಅಮೆರಿಕದ ‘ಟ್ವೈಲೈಟ್’ ಕಾದಂಬರಿ ಮಾಲೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಗಡಿನಾಡಿನ ಹುಡುಗಿಯರ ಚೀಲಗಳಲ್ಲಿಯೂ ಅದು ಕಾಣಸಿಕ್ಕಿರುವುದರಿಂದ, ವಿಷಯವು ಪರದೇಶದ್ದಾದರೂ ನಮಗೆ ಪರಕೀಯವಲ್ಲ.

ಕಥೆಯನ್ನು ಅರಿಯದವರಿಗಾಗಿ ನಾಲ್ಕು ಮಾತು. ಸ್ಟೆಫನಿ ಮೇಯರ್ ಎಂಬ ಲೇಖಕಿ 2005ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಬಳಿಕ ವರ್ಷಕ್ಕೊಂದರಂತೆ ‘ನ್ಯೂ ಮೂನ್’, ‘ಎಕ್ಲಿಪ್ಸ್’, ‘ಬ್ರೇಕಿಂಗ್ ಡಾನ್’ ಪ್ರಕಟವಾಗಿ 2008ರಲ್ಲಿ ಕಥೆ ಮುಗಿಯಿತು. ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮಳೆಯೂರಿಗೆ ಬಂದ 17 ವರ್ಷದ ಬೆಲ್ಲಾ, ಸಹಪಾಠಿ ಎಡ್ವರ್ಡನಿಗೆ ಮನಸೋಲುತ್ತಾಳೆ. ಅವನು ನೋಡಲು ಅವಳ ಓರಗೆಯವನು. ಹುಟ್ಟಿದ್ದು ಮಾತ್ರ 1901ರಲ್ಲಿ. 1918ರ ಇನ್‌ಫ್ಲುಯೆಂಜಾದಲ್ಲಿ ಸಾಯುವ ಹೊತ್ತಿಗೆ ಅವನು ವ್ಯಾಂಪೈರ್ ಆದವನು, ಎಂದರೆ ನೆತ್ತರು ಹೀರುವ, ಸಾವಿಲ್ಲದ ಪಿಶಾಚಿ. ದಾರಿಹೋಕರನ್ನು ಸುಣ್ಣ ಕೇಳಿ ನಿಲ್ಲಿಸುವ ಕೇರಳದ ಯಕ್ಷಿಯ ಕಥೆಗಳನ್ನು ಬಲ್ಲ ನಮ್ಮ ಓದುಗರಿಗೆ ಈ ಜಾತಿ ತೀರ ಹೊಸತೇನಲ್ಲ. ಆದರೆ ಈ ಎಡ್ವರ್ಡ್ ಮನುಷ್ಯರನ್ನು ಬಿಟ್ಟು ಪ್ರಾಣಿಗಳ ನೆತ್ತರಿನಿಂದಲೇ ಬದುಕುವ ವ್ರತಸ್ಥ. ಬಿಸಿಲಿಗೆ ಅವನ ಮೈ ಸುಡದೆ ವಜ್ರದಂತೆ ಹೊಳೆಯುತ್ತದೆ. ಮಾಲೆಯ 10 ಕೋಟಿಗೂ ಮಿಕ್ಕಿದ ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾದವು. 2008ರಿಂದ 2012ರ ವರೆಗೆ ಐದು ಚಲನಚಿತ್ರಗಳೂ ಬಂದವು.

ಕೊನೆಯ ಸಂಪುಟವು 2008ರ ಆಗಸ್ಟ್ 2ರಂದು ಹೊರಬಿದ್ದಾಗ ಅಮೆರಿಕದಲ್ಲಿ ಮೊದಲ ದಿನವೇ 13 ಲಕ್ಷ ಪ್ರತಿಗಳು ಮುಗಿದವು. ಅದೇ ವಾರದಲ್ಲಿ ಅಭಿಮಾನಿಗಳ ನಡುವೆಯೇ ಅಸಮಾಧಾನದ ಹೊಗೆಯಾಡಿತು. ಯುದ್ಧಕ್ಕೆಂದು ಎರಡು ಪಕ್ಷಗಳೂ ನೆರೆದು ಯುದ್ಧವಿಲ್ಲದೆ ಚದುರಿದ್ದು, ಬೆಲ್ಲಾ ಏನನ್ನೂ ಕಳೆದುಕೊಳ್ಳದೆ ಎಲ್ಲವನ್ನೂ ಪಡೆದದ್ದು, ಅವಳನ್ನು ಪ್ರೀತಿಸುತ್ತಿದ್ದ ಜೇಕಬನ ಜೀವವು ಅವಳ ಹಸುಗೂಸಿಗೇ ಬೆಸೆದುಕೊಂಡದ್ದು, ಇವು ಅವರ ಆಕ್ಷೇಪಗಳು. ಪುಸ್ತಕವನ್ನು ಸುಡಬೇಡಿ, ಅಂಗಡಿಗೆ ಹಿಂದಿರುಗಿಸಿ ಎಂಬ ಕರೆಯೂ ಹೊರಟಿತು. ಹಾಗೆ ಕರೆಕೊಟ್ಟವರು ಪುಸ್ತಕದ ವೈರಿಗಳಲ್ಲ. ಮೂರು ವರ್ಷ ಆಸೆಯಿಂದ ಕಾದವರು.

ಇದಕ್ಕಿಂತ ಗಂಭೀರವಾದದ್ದು ಪ್ರೇಮದ ಸ್ವರೂಪವನ್ನೇ ಕುರಿತ ಪ್ರಶ್ನೆ. ಮೊದಲ ಸಂಪುಟದಲ್ಲಿ ಎಡ್ವರ್ಡ್ ಬೆಲ್ಲಾಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಯೊಳಗೆ ಬಂದು, ಮಲಗಿದವಳನ್ನು ನೋಡುತ್ತ ಇರುತ್ತಾನೆ. ಮೂರನೆಯದರಲ್ಲಿ, ಅವಳು ಗೆಳೆಯನನ್ನು ಕಾಣಲು ಹೋಗದಿರಲೆಂದು ಅವಳ ವಾಹನದ ಎಂಜಿನಿನ ಒಂದು ಭಾಗವನ್ನೇ ಕಳಚಿಬಿಡುತ್ತಾನೆ. ಎರಡನೆಯದರಲ್ಲಿ ಅವನು ಬಿಟ್ಟುಹೋದಾಗ ಅವಳ ಬದುಕು ಎಷ್ಟು ಬರಿದಾಗುವುದೆಂದರೆ, ತಿಂಗಳುಗಳ ಹೆಸರನ್ನಷ್ಟೇ ಹೊತ್ತ ಖಾಲಿ ಪುಟಗಳು ಒಂದರ ಹಿಂದೊಂದು ಬರುತ್ತವೆ. ಅವನ ದನಿ ಕಿವಿಯಲ್ಲಿ ಕೇಳಿಸಲೆಂದು ಅವಳು ಕಡಿದಾದ ಬಂಡೆಯಿಂದ ಕಡಲಿಗೆ ಹಾರುತ್ತಾಳೆ. ಇದು ಪ್ರೀತಿಯೋ ಕಾವಲೋ ಎಂದು ಕೇಳಿದವರಲ್ಲಿ ಬೆಲ್ಲಾಳ ವಯಸ್ಸಿನ ಹುಡುಗಿಯರೂ ಇದ್ದರು. ಹೆಂಡತಿಯನ್ನು ಹಿಂಸಿಸುವ ಗಂಡಂದಿರ ಲಕ್ಷಣಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಎಡ್ವರ್ಡನ ನಡತೆಯನ್ನು ಒಂದೊಂದಾಗಿ ಅದರೊಡನೆ ಹೋಲಿಸಿ ನೋಡಿದರು.

ಇನ್ನೊಂದು ಆಕ್ಷೇಪ ಗಡಿನಾಡಿನವರಾದ ನಮ್ಮ ಮನಸ್ಸನ್ನು ವಿಶೇಷವಾಗಿ ತಟ್ಟುವಂಥದು. ಜೇಕಬನನ್ನು ಕ್ವಿಲಿಯೂಟ್ ಎಂಬ ನಿಜವಾದ ಬುಡಕಟ್ಟಿನವನೆಂದು ಲೇಖಕಿ ಚಿತ್ರಿಸಿದರು. ತಮ್ಮ ಮೂಲಪುರುಷರು ತೋಳಗಳಿಂದ ಮನುಷ್ಯರಾದರೆಂಬುದು ಆ ಜನರ ಪರಂಪರೆಯ ಕಥೆ. ಬೇಕೆಂದಾಗ ತೋಳವಾಗಿ ವ್ಯಾಂಪೈರುಗಳ ಮೇಲೆರಗುವ ತರುಣರು ಕಾದಂಬರಿಯ ಕಲ್ಪನೆ. ಓದಿದವರು ಎರಡನ್ನೂ ಒಂದೆಂದು ನಂಬಿದರು. ನಿಜವನ್ನು ಕಟ್ಟುಕಥೆಯಿಂದ ಬೇರ್ಪಡಿಸಿ ತೋರಿಸಲು ಸಿಯಾಟಲ್‌ನ ಬರ್ಕ್ ವಸ್ತುಸಂಗ್ರಹಾಲಯವು ಆ ಬುಡಕಟ್ಟಿನವರೊಡನೆ ಕೈಜೋಡಿಸಬೇಕಾಯಿತು. ತನ್ನ ಕಥೆಯನ್ನು ಹೊರಗಿನವರ ಬಾಯಿಂದ ಕೇಳಬೇಕಾದ ಸಣ್ಣ ಸಮುದಾಯದ ಸಂಕಟವನ್ನು ನಾವು ಬಲ್ಲೆವು.

ಆದರೆ ಎಲ್ಲ ತಿರಸ್ಕಾರವೂ ಹೀಗೆ ಓದಿನಿಂದ ಹುಟ್ಟಿದ್ದಲ್ಲ. ಒಂದು ಪುಟವನ್ನೂ ತಿರುವದೆ, ಹೊಳೆಯುವ ಪಿಶಾಚಿಯೆಂದು ನಕ್ಕವರು ಬಹಳ. 2009ರಲ್ಲಿ ಸಾನ್ ಡಿಯಾಗೋದ ಕಾಮಿಕ್-ಕಾನ್ ಎಂಬ ಚಿತ್ರಕಥಾ ಮೇಳಕ್ಕೆ ಈ ಮಾಲೆಯ ಅಭಿಮಾನಿ ಹುಡುಗಿಯರು ಗುಂಪಾಗಿ ಬಂದಾಗ, ಟ್ವೈಲೈಟ್ ನಮ್ಮ ಮೇಳವನ್ನು ಕೆಡಿಸಿತೆಂದು ಫಲಕ ಹಿಡಿದು ನಿಂತವರಿದ್ದರು. ಗಂಡುಹುಡುಗರು ಮೆಚ್ಚುವ ಹೊಡೆದಾಟದ ಕಥೆಗಳಿಗೆ ಅಂಥ ಅವಮಾನ ಒದಗುವುದು ವಿರಳ. ಹುಡುಗಿಯರು ಮೆಚ್ಚಿದರೆಂಬುದೇ ಪುಸ್ತಕದ ದೋಷವಾಗಬೇಕೆ? ಇತ್ತ ಹಿರಿಯರ ಆಕ್ಷೇಪವೂ ಕಡಿಮೆಯಿರಲಿಲ್ಲ. ಗ್ರಂಥಾಲಯಗಳಿಂದ ತೆಗೆಯಬೇಕೆಂದು ಬಂದ ದೂರುಗಳನ್ನಾಧರಿಸಿ ಅಮೆರಿಕದ ಗ್ರಂಥಾಲಯ ಸಂಘವು ಪ್ರಕಟಿಸುವ ವಾರ್ಷಿಕ ಪಟ್ಟಿಯಲ್ಲಿ ಈ ಮಾಲೆ 2009ರಲ್ಲಿ ಐದನೆಯ, 2010ರಲ್ಲಿ ಹತ್ತನೆಯ ಸ್ಥಾನದಲ್ಲಿತ್ತು.

ಸಾಹಿತ್ಯದ ಇತಿಹಾಸದಲ್ಲಿ ಇಂಥ ಜಗಳ ಹೊಸದಲ್ಲ. 1740ರಲ್ಲಿ ರಿಚರ್ಡ್‌ಸನ್ ಬರೆದ ‘ಪಮೆಲಾ’ದಲ್ಲಿ ಮನೆಗೆಲಸದ ಹುಡುಗಿಯೊಬ್ಬಳು ತನ್ನನ್ನು ಕಾಡಿ ಸೆರೆಯಿಟ್ಟ ಧಣಿಯನ್ನೇ ಕೊನೆಗೆ ವರಿಸುತ್ತಾಳೆ. ಇಂಗ್ಲೆಂಡಿಗೆ ಇಂಗ್ಲೆಂಡೇ ಅದನ್ನು ಕೊಂಡಾಡುತ್ತಿರುವಾಗ, ಮರುವರ್ಷವೇ ಫೀಲ್ಡಿಂಗ್ ‘ಶಾಮೆಲಾ’ ಎಂಬ ಅಣಕವನ್ನು ಬರೆದು ನಗಿಸಿದನು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ‘ನಾರ್ಥಾಂಗರ್ ಅಬ್ಬೆ’ಯ ನಾಯಕಿಗೂ 17 ವರ್ಷ, ಭೀತಿಯ ಕಾದಂಬರಿಗಳನ್ನೋದಿ ಅವಳ ತಲೆ ತುಂಬಿಹೋಗಿದೆ. ಲೇಖಕಿ ಅವಳನ್ನು ನೋಡಿ ನಗುತ್ತಾಳೆ. ಆದರೆ ಕಾದಂಬರಿ ಓದುವವರನ್ನು ಹೀಯಾಳಿಸುವವರನ್ನೂ ಅದೇ ಪುಸ್ತಕದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಈ ಸಮತೂಕ ನಮಗೆ ಮಾದರಿ.

ಓದುಗರ ಟೀಕೆ ವ್ಯರ್ಥವಾಗಲೂ ಇಲ್ಲ. ಬೆಲ್ಲಾ ಅಬಲೆಯೆಂಬ ಮಾತಿಗೆ ಉತ್ತರವಾಗಿ ಮೇಯರ್ 2015ರಲ್ಲಿ ಹೆಣ್ಣನ್ನು ಗಂಡಾಗಿಯೂ ಗಂಡನ್ನು ಹೆಣ್ಣಾಗಿಯೂ ಮಾಡಿ ಮೊದಲ ಕಥೆಯನ್ನು ಮತ್ತೆ ಬರೆದರು. 2020ರಲ್ಲಿ ಎಡ್ವರ್ಡನೇ ಹೇಳುವಂತೆ ಅದೇ ಕಥೆ ‘ಮಿಡ್‌ನೈಟ್ ಸನ್’ ಆಗಿ ಬಂದಾಗ, ಹಿಂದೆ ಜಗಳವಾಡಿದ್ದ ಹುಡುಗಿಯರಲ್ಲಿ ಹಲವರು ಬೆಳೆದ ಹೆಂಗಸರಾಗಿ ಅದನ್ನೂ ಕೊಂಡು ಓದಿದರು.

ಇದರಲ್ಲಿ ವಿರೋಧವೇನಿದೆ? ನಮ್ಮ ಕಾಸರಗೋಡಿನ ಕಡೆಯ ತಾಳಮದ್ದಳೆಯ ಕೂಟವನ್ನು ನೆನೆಯಿರಿ. ವಾಲಿವಧೆಯ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯ ಅರ್ಥಧಾರಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಬೆವರಿಳಿಸುತ್ತಾನೆ. ಸಭೆ ತಲೆದೂಗುತ್ತದೆ, ರಾಮನ ಮೇಲಿನ ಭಕ್ತಿ ಎಳ್ಳಷ್ಟೂ ಕುಂದುವುದಿಲ್ಲ. ಮೆಚ್ಚಿದವನನ್ನು ಪ್ರಶ್ನಿಸುವ ಕಲೆ ನಮ್ಮ ಅಜ್ಜಂದಿರಿಗೆ ಕರಗತವಾಗಿತ್ತು. ಅದನ್ನು ಮೊಮ್ಮಕ್ಕಳು ಕಾದಂಬರಿಯೊಡನೆ ನಡೆಸಿದರೆ ನಾವು ಅಂಜಬೇಕಾಗಿಲ್ಲ. ವಾಲಿಯ ಮಾತಾದರೋ ಪ್ರಸಂಗವನ್ನು ಬಲ್ಲವನ ಮಾತು. ಕೇಳಿದ್ದನ್ನೇ ಗಿಣಿಯಂತೆ ಒಪ್ಪಿಸುವವನಿಗೆ ಆ ಕೂಟದಲ್ಲಿ ಸ್ಥಾನವಿಲ್ಲ.

ಆದುದರಿಂದ ಹೆತ್ತವರಲ್ಲಿ ನಮ್ಮ ಬಿನ್ನಹವಿಷ್ಟೆ. ಮಗಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಸಿದುಕೊಳ್ಳಬೇಡಿ. ಕಸಿದ ಪುಸ್ತಕವು ಮರೆಯಲ್ಲಿ ಓದಿಸಿಕೊಳ್ಳುತ್ತದೆ, ಅಲ್ಲಿ ಪ್ರಶ್ನೆ ಕೇಳುವವರಿರುವುದಿಲ್ಲ. ನಗಲೂ ಬೇಡಿ. ಮಗುವು ಚೆನ್ನಾಗಿದೆಯೆಂದರೂ ಚೆನ್ನಾಗಿಲ್ಲವೆಂದರೂ, ಯಾವ ಪುಟದಲ್ಲಿ ಹಾಗೆನ್ನಿಸಿತೆಂದು ಕೇಳಿ. ನಮ್ಮ ಊರಿನ ಹುಡುಗನೊಬ್ಬ ಹೀಗೆ ನಡೆದುಕೊಂಡರೆ ಅದನ್ನು ಪ್ರೀತಿಯೆನ್ನುವೆಯಾ ಎಂದು ಕೇಳಿ. ಒಲ್ಲೆನೆಂದ ಹುಡುಗಿಯ ಬೆನ್ನುಬಿಡದೆ ಅಲೆಯುವ ನಾಯಕನನ್ನು ಕನ್ನಡ, ಮಲಯಾಳ, ತಮಿಳು ಚಿತ್ರಗಳೂ ಬೇಕಾದಷ್ಟು ಸಲ ಮೆರೆಸಿವೆ. ಆ ಪ್ರಶ್ನೆಯನ್ನು ಗಂಡುಮಕ್ಕಳಿಗೂ ಕೇಳುವುದು ಅವಶ್ಯ. ಬಳಿಕ ತನ್ನ ಮೆಚ್ಚುಗೆಯನ್ನೋ ಆಕ್ಷೇಪವನ್ನೋ ಅರ್ಧ ಪುಟದಲ್ಲಿ ಬರೆಯಲು ಹೇಳಿ. ಪುಸ್ತಕ ಇಂಗ್ಲಿಷಿನದಾದರೂ ಬರವಣಿಗೆ ಕನ್ನಡದಲ್ಲಿರಲಿ. ಕಾಗುಣಿತ ತಪ್ಪಿದ್ದರೆ ತಿದ್ದಿ; ಅಭಿಪ್ರಾಯವನ್ನು ತಿದ್ದುವ ಆತುರ ಬೇಡ.