ಕಲಿಯುವವನಿಗೆ ಎಂಥ ವಿಮಾನ ಬೇಕು?

ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ಹುಟ್ಟಿ ಬಿ.ಎ. ಓದುವವನಿಗೆ ವಿಮಾನದ ಮಾತೇಕೆ ಎಂದು ಸಹಪಾಠಿಗಳು ನಗಬಹುದು. ನಗಲಿ. ಖಾಸಗಿ ವಿಮಾನಚಾಲಕನ ಲೈಸೆನ್ಸಿಗೆ ಪದವಿಯೇನೂ ಬೇಕಿಲ್ಲ. ವಯಸ್ಸು 17 ತುಂಬಿ, 10ನೆಯ ತರಗತಿ ಮುಗಿದು, ವೈದ್ಯಪರೀಕ್ಷೆಯೂ ಉಳಿದ ಪರೀಕ್ಷೆಗಳೂ ಆಗಿ, 40 ಗಂಟೆ ಹಾರಿದ್ದರೆ ಸಾಕು. ಬೆಂಗಳೂರಿನ ಬಸ್ಸಿನಲ್ಲಿ ಹೋಗುತ್ತ, ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಕಡೆ ಕಣ್ಣು ಹಾಯಿಸಿದಾಗಲೆಲ್ಲ ನನ್ನದು ಒಂದೇ ಪ್ರಶ್ನೆ: ಮೊದಲು ಏರುವ ವಿಮಾನ ಎಂಥದಿರಬೇಕು?

ಕಷ್ಟದ ವಿಮಾನದಲ್ಲಿ ಕಲಿತವನು ಯಾವುದನ್ನಾದರೂ ಹಾರಿಸಬಲ್ಲನೆಂಬುದು ಹಳೆಯ ವಾದ. ಡಾ|| ವಿ. ಎಂ. ಘಾಟಗೆಯವರು ರೂಪಿಸಿ, ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾಗಿ, 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಎಚ್.ಟಿ.-2 ಅಂಥದು. ಅದರಲ್ಲಿ ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕೂರಬೇಕು. ಬಾಲದ ಕೆಳಗೊಂದು ಪುಟ್ಟ ಗಾಲಿ. ಇಂಥ ವಿಮಾನದ ಭಾರದ ಕೇಂದ್ರವು ಮುಖ್ಯ ಗಾಲಿಗಳ ಹಿಂದಿರುವುದರಿಂದ, ಇಳಿಯುವಾಗ ಕೊಂಚ ಓರೆಯಾದರೂ ಬಾಲವು ಸುತ್ತಿಕೊಂಡು ಮುಂದಕ್ಕೆ ಬರಲು ಹವಣಿಸುತ್ತದೆ. 1955ರಲ್ಲಿ ಮೊದಲು ಹಾರಿದ ಅಮೆರಿಕದ ಸೆಸ್ನಾ 172ರಲ್ಲಾದರೋ ಮೂರನೆಯ ಗಾಲಿ ಮೂಗಿನ ಕೆಳಗಿದೆ. ಭಾರವು ಮುಖ್ಯ ಗಾಲಿಗಳ ಮುಂದಿದೆ. ಓರೆಯಾಗಿ ನೆಲ ಮುಟ್ಟಿದರೂ ಅದು ನೇರವಾಗಲೆಳಸುತ್ತದೆ. ಗುರುವೂ ಪಕ್ಕದಲ್ಲೇ.

ನನ್ನ ಮತ ಎರಡನೆಯದಕ್ಕೆ. ನಾನು ನೂಲು ಬಿಚ್ಚಲು ಮೊದಲು ಕುಳಿತಾಗ ತಂದೆಯವರು ಒಳ್ಳೆಯ ಗೂಡು ಕೊಡಲಿಲ್ಲ. ಎಳೆ ಕಡಿದರೂ ಹೆಚ್ಚು ನಷ್ಟವಾಗದಂಥವನ್ನು ಕೊಟ್ಟರು. ಆದರೆ ಎಳೆ ಕಡಿದಾಗ ಸುಮ್ಮನಿರಲಿಲ್ಲ! ಮೃದುವಾದ ವಿಮಾನವು ಕಲಿಯುವವನ ಕಾಲನ್ನು ಸೋಮಾರಿಯಾಗಿಸುತ್ತದೆಂಬ ಆಕ್ಷೇಪಣೆ ಸುಳ್ಳಲ್ಲ. ಅದನ್ನು ಪಕ್ಕದಲ್ಲಿ ಕುಳಿತ ಗುರು ಗದರಿಸಿ ತಿದ್ದಲಿ. ಬಾಲಗಾಲಿಯ ವಿಮಾನ ಆಮೇಲೆ ಬರಲಿ.

ಆದರೆ ಆಸನ, ಗಾಲಿಗಳ ಅನುಕೂಲವೊಂದೇ ಸಾಲದು. 1977ರಲ್ಲಿ ಮೊದಲು ಹಾರಿದ ಎಚ್.ಪಿ.ಟಿ.-32ರಲ್ಲಿ ಇವೆರಡೂ ಇದ್ದವು. ಆಕಾಶದಲ್ಲಿ ಎಂಜಿನ್ ನಿಂತುಹೋಗುವ ದೋಷ ಮಾತ್ರ ಬೆನ್ನು ಬಿಡಲಿಲ್ಲ. ಜೀವಗಳು ಹೋದವು, 2009ರಲ್ಲಿ ವಾಯುಪಡೆ ಅದರ ಹಾರಾಟವನ್ನೇ ನಿಲ್ಲಿಸಿತು. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬಂದಿತು.

ಇನ್ನು ನಮ್ಮಂಥವರ ಲೆಕ್ಕ. ಗಂಟೆಗಿಷ್ಟೆಂದು ಹಣ ಕಟ್ಟುವವನಿಗೆ, ಬಿಡಿಭಾಗಕ್ಕೆ ಕಾದು ಶೆಡ್ಡಿನಲ್ಲಿ ನಿಂತ ವಿಮಾನ ಎಷ್ಟು ಚೆನ್ನಾಗಿದ್ದರೇನು? ವಾರಗಟ್ಟಲೆ ಬಿಟ್ಟರೆ ಕೈ ಮರೆಯುತ್ತದೆ. ಮರೆತದ್ದನ್ನು ಮತ್ತೆ ಹಣ ತೆತ್ತು ಕಲಿಯಬೇಕು. ಆದುದರಿಂದ ಸೇರುವ ಮೊದಲೇ ಕೇಳಬೇಕು: ಈ ವಿಮಾನ ಕಳೆದ ತಿಂಗಳು ಎಷ್ಟು ದಿನ ಹಾರಿತು? ಕೆಟ್ಟರೆ ದುರಸ್ತಿ ಎಲ್ಲಿ? ಒಂದು ವಿಮಾನಕ್ಕೆ ಎಷ್ಟು ಮಂದಿ ಶಿಷ್ಯರು?

ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಕಂಡವರಿಲ್ಲ. ಬಿ.ಎ.ಗೆ ಸೇರುವಾಗ ಇಂಥ ಪ್ರಶ್ನೆಗಳನ್ನು ಕೇಳಬಹುದೆಂಬುದೇ ನನಗೆ ಹೊಳೆದಿರಲಿಲ್ಲ. ಬೆರಳು ತೋರಿಸಿದ ಕಡೆ ರುಜು ಹಾಕಿ ಬಂದೆ. ಜಕ್ಕೂರಿನ ಬಾಗಿಲಿಗೆ ಹೋಗುವ ದಿನ ಬಂದರೆ ಮೂರನ್ನೂ ಕೇಳುವೆನು.